ವೆದರ್ ನಾಬ್ ತಿರುಗಿಸಿದವರ ಚರಿತ್ರೆ

ನಾವಿಕರಿಲ್ಲದ ಹಡಗುಗಳ ಬಗ್ಗೆ ಈಚೆಗೆ ಬರುತ್ತಿರುವ ಬರಹಗಳನ್ನು ಓದಿದರೆ, ಕಂಪ್ಯೂಟರ್ ಬರುವ ತನಕ ಹಗಲಿರುಳೂ ಯಾರೋ ಒಬ್ಬರು ಚಕ್ರ ಹಿಡಿದೇ ಹಡಗು ನಡೆಸುತ್ತಿದ್ದರು ಎನಿಸುತ್ತದೆ. ಆದರೆ ಹಡಗು ತನ್ನಷ್ಟಕ್ಕೆ ದಿಕ್ಕು ಹಿಡಿದು ಸಾಗತೊಡಗಿ ನೂರು ವರ್ಷ ದಾಟಿತು. ಆ ಯಂತ್ರದ ಚರಿತ್ರೆಯನ್ನು ಬರೆದವರಿದ್ದಾರೆ. ಅದನ್ನು ಆಯಾ ದಿನದ ಸಮುದ್ರಕ್ಕೆ ಹೊಂದಿಸುವ ಕೆಲಸ ಹೇಗೆ ಬೆಳೆಯಿತು ಎಂದು ಬರೆದವರು ಕಡಿಮೆ. ಬ್ರಿಡ್ಜಿನಲ್ಲಿ ವಾಚ್ ನಿಂತವರು ಬರೆಯುವುದಿಲ್ಲ, ಬರೆಯುವವರು ವಾಚ್ ನಿಂತಿರುವುದಿಲ್ಲ.

ಆರಂಭದ ಕಥೆ ಎಲ್ಲರಿಗೂ ಗೊತ್ತಿರುವುದೇ. ಜರ್ಮನಿಯ ಅನ್‌ಶುಟ್ಸ್, ಅಮೆರಿಕದ ಎಲ್ಮರ್ ಸ್ಪೆರಿ ಇಬ್ಬರೂ ಕಳೆದ ಶತಮಾನದ ಆದಿಯಲ್ಲಿ ಗೈರೋ ದಿಕ್ಸೂಚಿಯನ್ನು ಹಡಗಿಗೆ ತಂದರು. 1920ರ ದಶಕದಲ್ಲಿ ಸ್ಪೆರಿಯ ಸ್ವಯಂಚಾಲಿತ ಚುಕ್ಕಾಣಿ ಬಂತು. ನಾವಿಕರು ಅದಕ್ಕೆ ‘ಮೆಟಲ್ ಮೈಕ್’ ಎಂದು ಹೆಸರಿಟ್ಟರು. ರಷ್ಯದಿಂದ ಅಮೆರಿಕಕ್ಕೆ ಬಂದಿದ್ದ ನಿಕೊಲಸ್ ಮಿನೊರ್‌ಸ್ಕಿ 1922ರಲ್ಲಿ ಪ್ರಕಟಿಸಿದ ಪ್ರಬಂಧ ಇದಕ್ಕಿಂತ ಆಳವಾದದ್ದು. ಪಳಗಿದ ಸುಖಾನಿ ಹಡಗು ಎಷ್ಟು ಡಿಗ್ರಿ ತಪ್ಪಿದೆ ಎಂದಷ್ಟೇ ನೋಡುವುದಿಲ್ಲ. ಎಷ್ಟು ವೇಗವಾಗಿ ತಿರುಗುತ್ತಿದೆ, ಒಂದೇ ಕಡೆಗೆ ಎಷ್ಟು ಹೊತ್ತಿನಿಂದ ವಾಲುತ್ತಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ. ಇದನ್ನು ಮಿನೊರ್‌ಸ್ಕಿ ಗಣಿತಕ್ಕೆ ಇಳಿಸಿದರು. ‘ನ್ಯೂ ಮೆಕ್ಸಿಕೊ’ ಯುದ್ಧನೌಕೆಯಲ್ಲಿ ಪ್ರಯೋಗವೂ ನಡೆಯಿತು, ನೌಕಾಪಡೆ ಮುಂದುವರಿಸಲಿಲ್ಲ. ಇದೇ ಮೂರು ಪದಗಳ ಸೂತ್ರವನ್ನು ಇಂದು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಬಾಯ್ಲರು, ಮೋಟಾರುಗಳ ಉದಾಹರಣೆ ಕೊಟ್ಟು ಕಲಿಸುತ್ತಾರೆ. ಅದಕ್ಕೆ ಮೂಲವಾದ ಸುಖಾನಿಯ ಹೆಸರು ಪಾಠದಲ್ಲಿಲ್ಲ.

ಹಾಯಿದೋಣಿಯವರದು ಬೇರೆಯೇ ದಾರಿ. 1960ರಲ್ಲಿ ಪ್ಲಿಮತ್‌ನಿಂದ ನ್ಯೂಯಾರ್ಕಿಗೆ ನಡೆದ ಒಂಟಿ ನಾವಿಕರ ಸ್ಪರ್ಧೆಯಲ್ಲಿ ಬ್ಲಾಂಡಿ ಹ್ಯಾಸ್ಲರ್, ಫ್ರಾನ್ಸಿಸ್ ಚಿಚೆಸ್ಟರ್ ಗಾಳಿಗೆ ತಕ್ಕಂತೆ ತಿರುಗುವ ಗಾಳಿಪಟ್ಟಿಯ ಕೈಗೆ ಚುಕ್ಕಾಣಿ ಕೊಟ್ಟರು. ಅದಕ್ಕೆ ವಿದ್ಯುತ್ ಬೇಡ, ಗಾಳಿಯ ಕೋನ ಕಾಯ್ದುಕೊಂಡರೆ ಸಾಕು. 2022ರಲ್ಲಿ ಹೊರಟ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ಎರಡನೆಯವರಾಗಿ ಬಂದ ಅಭಿಲಾಷ್ ಟೋಮಿ ಭೂಮಿ ಸುತ್ತಿದ್ದು ಇದೇ ವಿಧಾನದಿಂದ; ಎಲೆಕ್ಟ್ರಾನಿಕ್ ಆಟೋಪೈಲಟ್ಟಿಗೆ ಅಲ್ಲಿ ಅನುಮತಿಯೇ ಇಲ್ಲ. ಹಾಯಿ ಸರಿಯಾಗಿ ಕಟ್ಟದಿದ್ದರೆ ಗಾಳಿಪಟ್ಟಿ ಕೆಲಸ ಮಾಡದು. ಹಾಗಾಗಿ ಹೊಂದಿಸುವ ವಿದ್ಯೆ ಆ ಬಳಗದಲ್ಲಿ ಸತ್ತಿಲ್ಲ.

ನಮ್ಮ ತಲೆಮಾರಿಗೆ ಸಿಕ್ಕಿದ್ದು ಮೂರು ನಾಬ್‌ಗಳ ಪ್ಯಾನೆಲ್. ಎಂಬತ್ತರ ದಶಕದಲ್ಲಿ ನಾನು ಕೆಲಸ ಮಾಡಿದ ಹಡಗುಗಳಲ್ಲೆಲ್ಲ ಅದೇ ಇತ್ತು: ರಡರ್, ಕೌಂಟರ್ ರಡರ್, ವೆದರ್. ಒಂದು ಡಿಗ್ರಿ ದಾರಿ ತಪ್ಪಿದರೆ ಚುಕ್ಕಾಣಿ ಹಲಗೆ ಎಷ್ಟು ಡಿಗ್ರಿ ತಿರುಗಬೇಕು ಎಂಬುದನ್ನು ಮೊದಲನೆಯದು ಹೇಳುತ್ತದೆ. ಹಲಗೆಯ ಮೇಲಿನ ನೀರಿನ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದಾದ್ದರಿಂದ, ವೇಗ ಅರ್ಧಕ್ಕಿಳಿದರೆ ಒತ್ತಡ ಕಾಲುಭಾಗಕ್ಕೆ ಇಳಿಯುತ್ತದೆ. ಆಗ ಈ ನಾಬನ್ನು ಏರಿಸಬೇಕು. ತಿರುಗತೊಡಗಿದ ಹಡಗನ್ನು ಎದುರು ಚುಕ್ಕಾಣಿ ಕೊಟ್ಟು ತಡೆಯುವುದು ಎರಡನೆಯದರ ಕೆಲಸ. ಅದಿರು ತುಂಬಿ ಕುಳಿತ ಹಡಗು ತಿರುಗಲು ತಡಮಾಡುತ್ತದೆ, ತಿರುಗಿದ ಮೇಲೆ ನಿಲ್ಲಲೂ ತಡಮಾಡುತ್ತದೆ. ಅದಕ್ಕೆ ಕೌಂಟರ್ ರಡರ್ ಹೆಚ್ಚು ಬೇಕು. ಬಂದರಿನಲ್ಲಿ ಸರಕು ಇಳಿಸಿ, ಬ್ಯಾಲಾಸ್ಟ್ ನೀರನ್ನಷ್ಟೇ ತುಂಬಿ ಹೊರಟಾಗ ಅದೇ ಸೆಟ್ಟಿಂಗ್ ಉಳಿದಿದ್ದರೆ ಚುಕ್ಕಾಣಿ ಸುಮ್ಮನೆ ಚಡಪಡಿಸುತ್ತದೆ.

ಮೂರನೆಯದು ವೆದರ್. ಬಹಳ ತಪ್ಪಾಗಿ ಅರ್ಥಮಾಡಿಕೊಂಡ ನಾಬ್ ಇದೇ. ಮುಂದಿನಿಂದ ಅಲೆ ಬರುತ್ತಿರುವಾಗ ಮೂತಿ ಕೆಲವು ಸೆಕೆಂಡಿಗೊಮ್ಮೆ ಅತ್ತಿತ್ತ ಹೊರಳಿ, ತಾನಾಗಿಯೇ ಹಿಂದಿರುಗುತ್ತದೆ. ಆ ಹೊರಳಾಟವನ್ನು ಚುಕ್ಕಾಣಿ ತಡೆಯಲಾರದು. ತಡೆಯಹೋದರೆ ಸ್ಟಿಯರಿಂಗ್ ಗೇರ್ ಸವೆಯುತ್ತದೆ, ನೀರಿನ ಎಳೆತ ಹೆಚ್ಚುತ್ತದೆ, ಎಣ್ಣೆ ಸುಡುತ್ತದೆ. ಆದ್ದರಿಂದ ವೆದರ್ ನಾಬನ್ನು ತೆರೆದು, ಇಷ್ಟು ಡಿಗ್ರಿಯೊಳಗಿನ ಹೊರಳಾಟವನ್ನು ಗಮನಿಸಬೇಡ ಎಂದು ಯಂತ್ರಕ್ಕೆ ಹೇಳುತ್ತೇವೆ. ಇಷ್ಟನ್ನು ಎಲ್ಲ ಕೈಪಿಡಿಗಳೂ ಹೇಳುತ್ತವೆ. ‘ಸಮುದ್ರ ಒರಟಾದರೆ ವೆದರ್ ತೆರೆ’ ಎಂಬ ಸೂತ್ರ ಹುಟ್ಟಿದ್ದು ಹೀಗೆ.

ಅಲೆ ಹಿಂದಿನಿಂದ ಅಥವಾ ಹಿಂಬದಿಯ ಓರೆಯಿಂದ ಬಂದಾಗ ಈ ಸೂತ್ರ ಕೈಕೊಡುತ್ತದೆ. ಹಡಗೂ ಅಲೆಯೂ ಒಂದೇ ಕಡೆಗೆ ಸಾಗುವುದರಿಂದ ಒಂದು ಅಲೆ ದಾಟಿಹೋಗಲು ಬಹಳ ಹೊತ್ತು ಬೇಕು. ಹೊರಳಾಟ ನಿಧಾನವಾಗುತ್ತದೆ, ದೊಡ್ಡದಾಗುತ್ತದೆ. ಅಲೆಯಿಂದ ಬಂದ ಹೊರಳಾಟ ಯಾವುದು, ನಿಜವಾಗಿ ದಾರಿ ತಪ್ಪಿದ್ದು ಯಾವುದು ಎಂದು ಬೇರ್ಪಡಿಸಲು ಆಗುವುದಿಲ್ಲ. ಆಗ ವೆದರ್ ತೆರೆದಿಟ್ಟರೆ ಚುಕ್ಕಾಣಿ ತಡವಾಗಿ ಏಳುತ್ತದೆ. ಹೊತ್ತು ತಪ್ಪಿ ತಳ್ಳಿದ ಜೋಕಾಲಿಯಂತೆ ಹೊರಳಾಟ ಇನ್ನಷ್ಟು ಕೆಡುತ್ತದೆ. ಬೇಕಾದದ್ದು ವೆದರ್ ಕಿರಿದು ಮಾಡಿ, ಕೌಂಟರ್ ರಡರ್ ಏರಿಸುವುದು. ಅದೂ ಸಾಲದಿದ್ದರೆ ಕೈಚಕ್ರ. ನನಗೆ ಇದನ್ನು ಹೇಳಿಕೊಟ್ಟವರು ವಯಸ್ಸಾದ ಸುಖಾನಿಗಳು. ಪರೀಕ್ಷೆಯಲ್ಲಿ ಯಾರೂ ಕೇಳಲಿಲ್ಲ.

ವಿದ್ವಾಂಸರು ಸುಮ್ಮನಿರಲಿಲ್ಲ. ಜಪಾನಿನ ಕೆನ್ಸಾಕು ನೊಮೊಟೊ 1957ರಲ್ಲಿ ಹಡಗಿನ ತಿರುವನ್ನು ಎರಡೇ ಅಂಕಿಗಳಲ್ಲಿ ಹಿಡಿದರು: ಒಂದು ಎಷ್ಟು ತಿರುಗುತ್ತದೆ ಎಂಬುದಕ್ಕೆ, ಇನ್ನೊಂದು ಎಷ್ಟು ತಡಮಾಡಿ ತಿರುಗುತ್ತದೆ ಎಂಬುದಕ್ಕೆ. ಅಷ್ಟು ಸರಳ, ಅಷ್ಟು ಉಪಯುಕ್ತ ಕೆಲಸ ಈ ಕ್ಷೇತ್ರದಲ್ಲಿ ಮತ್ತೆ ಬಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಚುಕ್ಕಾಣಿಯ ಚಡಪಡಿಕೆಗೆ ಹಣದ ಲೆಕ್ಕ ಬಂತು. ಸ್ವೀಡನ್ನಿನಲ್ಲಿ ಕಾರ್ಲ್ ಯೋಹಾನ್ ಓಸ್ಟ್ರೊಮ್ ಮತ್ತು ಸಂಗಡಿಗರು ಬೃಹತ್ ಟ್ಯಾಂಕರುಗಳಲ್ಲಿ, ತನ್ನ ಸೆಟ್ಟಿಂಗನ್ನು ತಾನೇ ಕಂಡುಕೊಳ್ಳುವ ಆಟೋಪೈಲಟ್ಟನ್ನು ಪ್ರಯೋಗಿಸಿ 1979ರಲ್ಲಿ ಪ್ರಕಟಿಸಿದರು. ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ ಯೋಬ್ ಫಾನ್ ಅಮೆರೊಂಗೆನ್ 1982ರಲ್ಲಿ ಇದೇ ವಿಷಯದಲ್ಲಿ ಪ್ರೌಢಪ್ರಬಂಧ ಬರೆದರು. ನಾರ್ವೆಯವರು ಕಾಲ್ಮನ್ ಫಿಲ್ಟರಿನಿಂದ ಅಲೆಯ ಚಲನೆಯನ್ನು ಸೋಸಿ ತೆಗೆಯುವುದನ್ನು ಕಲಿಸಿದರು. ಇವೆಲ್ಲ ದೊಡ್ಡ ಕೆಲಸಗಳೇ. ಆದರೆ ಗುರಿ ಇಂಧನ ಉಳಿತಾಯ, ಹಡಗು ದೈತ್ಯ, ಸಾಗರ ವಿಶಾಲ. ಸೋಸುವ ವಿದ್ಯೆ ಚೆನ್ನಾಗಿ ನಡೆಯುವುದು ಅಲೆ ಚುರುಕಾಗಿ ಬಡಿಯುವಾಗ. ಹಿಂದಿನಿಂದ ಬರುವ ಅಲೆಯ ಪ್ರಶ್ನೆ ಅಲ್ಲೂ ಅಂಚಿನಲ್ಲೇ ಉಳಿಯಿತು.

ಆಮೇಲೆ ನಾಬ್‌ಗಳು ಹೋದವು, ಮೆನು ಬಂತು. ದೊಡ್ಡ ಹಡಗಿನಲ್ಲಿ ‘ಎಕಾನಮಿ’, ‘ಪ್ರಿಸಿಷನ್’. ಸಣ್ಣ ದೋಣಿಗೆ ರೇಮರೀನ್ ಕಂಪನಿಯ ಈಚಿನ ಸಾಧನದಲ್ಲಿ ‘ಲೀಷರ್’, ‘ಕ್ರೂಸಿಂಗ್’, ‘ಪರ್ಫಾರ್ಮೆನ್ಸ್’ ಎಂಬ ಮೂರು ಮಟ್ಟ. ಸಂವೇದಕಗಳು ನಿಜಕ್ಕೂ ಸುಧಾರಿಸಿವೆ. ದೋಣಿಯ ಉರುಳಾಟ, ತೂಗಾಟ ಎಲ್ಲವನ್ನೂ ಅಳೆಯುತ್ತವೆ. ಆದರೆ ‘ಆಟೋ’ ಒತ್ತಿದ ಮೇಲೆ ಕಿಟಕಿಯಾಚೆ ನೋಡುವ ಅಭ್ಯಾಸ ತಪ್ಪಿದೆ. ಅಂತರರಾಷ್ಟ್ರೀಯ ಸಾಗರ ಸಂಸ್ಥೆ 1975ರಲ್ಲೇ ಆಟೋಪೈಲಟ್ ಹವೆಗೂ ಸರಕಿಗೂ ತಕ್ಕಂತೆ ಹೊಂದಿಕೊಳ್ಳುವಂತಿರಬೇಕು ಎಂದು ಶಿಫಾರಸು ಮಾಡಿತು. ದಟ್ಟಣೆಯಲ್ಲಿ, ಮಂಜಿನಲ್ಲಿ ಕೈಚಕ್ರಕ್ಕೆ ತಕ್ಷಣ ಮರಳಲು ಆಗುವಂತಿರಬೇಕು ಎಂದು ಹಡಗು ಸುರಕ್ಷತೆಯ ಸೋಲಾಸ್ ಒಪ್ಪಂದ ಹೇಳುತ್ತದೆ. ಹೊಂದಿಸಲು ಬರುವ ಯಂತ್ರ ಬೇಕು ಎಂದಾಯಿತು. ಹೊಂದಿಸಲು ಬಲ್ಲ ಮನುಷ್ಯನ ಬಗ್ಗೆ ಆ ಎರಡರಲ್ಲೂ ಮಾತಿಲ್ಲ.

ಮೀನುಗಾರಿಕೆ ದೋಣಿಗಳ ಬಗ್ಗೆ ಈ ಸಾಹಿತ್ಯದಲ್ಲಿ ಇನ್ನೂ ಕಡಿಮೆ. ಸಣ್ಣ ಆಟೋಪೈಲಟ್ಟನ್ನು ಕೂರಿಸುವಾಗ ಹೊಂದಾಣಿಕೆ ಮಾಡುವುದು ಶಾಂತ ನೀರಿನಲ್ಲಿ. ತಯಾರಕರ ಸೂಚನೆಯೇ ಹಾಗೆ. ನಮ್ಮ ಕರಾವಳಿಯಲ್ಲಿ ಜುಲೈ ಕೊನೆಗೆ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್‌ನಲ್ಲಿ ದೋಣಿಗಳು ಇಳಿಯುವಾಗ ನೈಋತ್ಯದ ಉಬ್ಬಲೆ ಇನ್ನೂ ಅಡಗಿರುವುದಿಲ್ಲ. ಹೊರಗೆ ಹೋಗುವಾಗ ಅದು ಮುಂದಿನಿಂದ ಬಡಿಯುತ್ತದೆ. ಮೀನು ತುಂಬಿಕೊಂಡು ಮಲ್ಪೆಗೋ ಮಂಗಳೂರಿಗೋ ಮರಳುವಾಗ, ತೂಕ ಹೆಚ್ಚಿ ಹಿಂಭಾಗ ಕುಸಿದಿರುವಾಗ, ಅದೇ ಅಲೆ ಬೆನ್ನಿನ ಓರೆಯಿಂದ ಬರುತ್ತದೆ. ಅಳಿವೆಯ ಬಾಯಲ್ಲಿ ಯಾವ ತಾಂಡೇಲನೂ ಯಂತ್ರವನ್ನು ನಂಬುವುದಿಲ್ಲ, ಸರಿ. ಅದಕ್ಕೂ ಮುಂಚಿನ ರಾತ್ರಿ, ದಣಿದ ಒಬ್ಬನೇ ಎಚ್ಚರವಿರುವ ಹೊತ್ತಿನಲ್ಲಿ, ಸೆಟ್ಟಿಂಗ್ ಏನಿರಬೇಕು ಎಂದು ಕನ್ನಡದಲ್ಲೋ ತುಳುವಿನಲ್ಲೋ ಬರೆದ ಒಂದು ಪುಟ ನನ್ನ ಕಣ್ಣಿಗೆ ಇದುವರೆಗೆ ಬಿದ್ದಿಲ್ಲ.