ಗರಬೋ ಎಂದರೆ ಮಡಕೆ

ನವರಾತ್ರಿಗೆ ಮೊದಲು ಸೂರತ್‌ನ ಕತಾರ್‌ಗಾಮಿನಲ್ಲಿ ಮಡಕೆ ಮಾರುವವರ ಬಳಿ ಹೋಗಿ ‘ಗರಬೋ’ ಕೇಳಿದರೆ ಸಿಗುವುದು ತೂತು ಕೊರೆದು ಬಣ್ಣ ಬಳಿದ ಒಂದು ಪುಟ್ಟ ಮಡಕೆ. ಅದೇ ಓಣಿಯ ಹಿರಿಯಾಕೆಯೊಬ್ಬರನ್ನು ಒಂದು ಗರಬೋ ಹೇಳಿ ಎಂದರೆ ಅವರು ದೇವಿಯ ಮೇಲಿನ ಹಾಡು ಶುರುಮಾಡುತ್ತಾರೆ. ಕಾಲೇಜಿನ ಹುಡುಗಿ ‘ಗರಬಾ ಬರುತ್ತದೆಯೇ?’ ಎಂದು ಕೇಳಿದರೆ ಅದು ಕುಣಿತದ ಮಾತು. ‘ಈ ಸಲ ಗರಬಾ ಎಲ್ಲಿ?’ ಎಂದು ಕೇಳಿದರೆ ಆಕೆಗೆ ಬೇಕಿರುವುದು ಮೈದಾನದ ವಿಳಾಸ, ಸಾಧ್ಯವಾದರೆ ಒಂದು ಪಾಸ್. ಮಡಕೆ, ಹಾಡು, ಕುಣಿತ, ಜಾಗ ನಾಲ್ಕಕ್ಕೂ ಒಂದೇ ಹೆಸರು. ಗುಜರಾತಿಯಲ್ಲಿ ‘ಗರಬೋ’ ಏಕವಚನ, ‘ಗರಬಾ’ ಬಹುವಚನ. ಹೊರಗಿನಿಂದ ಬಂದ ನಮ್ಮ ಕಿವಿಗೆ ಬಿದ್ದದ್ದು ಬಹುವಚನವಾದ್ದರಿಂದ ಮಡಕೆ ಮರೆಯಾಗಿ ಮೈದಾನವಷ್ಟೇ ಉಳಿದಿದೆ.

ಕೆಲಸಕ್ಕೋ ಓದಿಗೋ ಇಲ್ಲಿಗೆ ಬಂದ ಕನ್ನಡಿಗರಿಗೆ ಈ ಪದ ನಿಜಕ್ಕೂ ಹೊಸದಲ್ಲ. ಅದರ ಬೇರು ಸಂಸ್ಕೃತದ ‘ಗರ್ಭ’ ಎಂಬುದು ಬಹುಮಟ್ಟಿಗೆ ಎಲ್ಲರೂ ಒಪ್ಪುವ ಮಾತು. ತೂತಿನ ಮಡಕೆಯೊಳಗೆ ಹಚ್ಚಿಟ್ಟ ದೀಪಕ್ಕೆ ‘ಗರ್ಭದೀಪ’ ಎಂದು ಹೆಸರು. ದೀಪ ಎಂಬ ಭಾಗ ಬಾಯಲ್ಲಿ ಸವೆದುಹೋಗಿ ಗರ್ಭ ಉಳಿಯಿತು, ಅದೂ ಸವೆದು ಗರಬೋ ಆಯಿತು. ಇದೇ ಗರ್ಭ ನಮ್ಮಲ್ಲಿ ಗುಡಿಯೊಳಗೆ ಗರ್ಭಗುಡಿಯಾಗಿ ಕೂತಿದೆ. ಕೊಟ್ಟಿಗೆಯಲ್ಲಿ ಸವೆದು ‘ಗಬ್ಬ’ ಆಗಿದೆ. ಎಮ್ಮೆ ಗಬ್ಬ ಆಗಿದೆ ಎನ್ನುವ ರೈತನೂ ಗರಬೋ ಎನ್ನುವ ಕುಂಬಾರನೂ ಒಂದೇ ಪದವನ್ನು ಬೇರೆಬೇರೆ ದಾರಿಯಲ್ಲಿ ನಡೆಸಿಕೊಂಡು ಬಂದಿದ್ದಾರೆ.

ಮಡಕೆಯ ಹೆಸರು ಕುಣಿತಕ್ಕೆ, ಹಬ್ಬಕ್ಕೆ ಹರಡುವುದೂ ನಮಗೆ ಗೊತ್ತಿರುವ ಸಂಗತಿಯೇ. ಚೈತ್ರದ ಹುಣ್ಣಿಮೆಯಲ್ಲಿ ಬೆಂಗಳೂರಿನ ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುವ ಕರಗವನ್ನು ನೋಡಿ. ತಿಗಳ ಸಮುದಾಯದ ಅರ್ಚಕರು ದ್ರೌಪದಿಯ ಹೆಸರಿನಲ್ಲಿ ತಲೆಯ ಮೇಲೆ ಹೊರುವುದೂ ಕರಗ, ಆ ರಾತ್ರಿಯ ಉತ್ಸವವೂ ಕರಗ. ‘ಕರಗ ಬಂತು’ ಎಂದು ಬೀದಿಯ ಜನ ಕೂಗುವಾಗ ಹೊತ್ತವರೂ ಆ ಮಾತಿನಲ್ಲೇ ಸೇರಿರುತ್ತಾರೆ. ಮಲೆ ಮಹದೇಶ್ವರನ ಒಕ್ಕಲಿನ ಕಂಸಾಳೆಯೂ ಹಾಗೆಯೇ. ಮೊದಲು ಅದು ಕೈಯಲ್ಲಿರುವ ಕಂಚಿನ ತಾಳ, ಆಮೇಲೆ ಕುಣಿತ, ಕೊನೆಗೆ ‘ಕಂಸಾಳೆಯವರು’ ಎಂಬ ಜನ. ಉತ್ತರ ಕರ್ನಾಟಕದ ಮನೆಗಳಲ್ಲಿ ನವರಾತ್ರಿಗೆ ಘಟ ಕೂರಿಸಿ, ಮಣ್ಣಿನಲ್ಲಿ ಕಾಳು ಮೊಳೆಸಿ, ಒಂಬತ್ತು ದಿನ ದೀಪ ಆರದಂತೆ ನೋಡಿಕೊಳ್ಳುತ್ತಾರೆ. ಮಳೆ ಮುಗಿಯುವ ಹೊತ್ತಿಗೆ ಮಡಕೆ, ಮೊಳಕೆ, ದೀಪ ಈ ಮೂರನ್ನೂ ದೇವಿಯ ಜೊತೆ ಕೂರಿಸುವ ಯೋಚನೆ ಗುಜರಾತಿಗೂ ನಮಗೂ ಸಮಾನ. ಗುಜರಾತಿನ ಹೆಂಗಸರು ಆ ದೀಪವನ್ನು ನಡುವೆ ಇಟ್ಟು, ಚಪ್ಪಾಳೆ ತಟ್ಟುತ್ತ ಸುತ್ತು ಹಾಕಿದರು. ಹಾಗೆ ಹೆಸರು ಮಡಕೆಯಿಂದ ಕಾಲಿಗೆ ಇಳಿಯಿತು.

ಹೆಸರು ಹಾಡಿಗೆ ಅಂಟಿದ ಮೇಲೆ ಅದಕ್ಕೊಂದು ಸಾಹಿತ್ಯದ ಚರಿತ್ರೆಯೂ ಬಂತು. ಅಹಮದಾಬಾದಿನ ವಲ್ಲಭ ಮೇವಾಡೋ ಬಹುಚರಾ ದೇವಿಯ ಭಕ್ತ. ಗರಬೋ ಎಂಬ ಹಾಡಿನ ಬಗೆಯನ್ನು ನೆಲೆಗೊಳಿಸಿದವರಲ್ಲಿ ಅವನ ಹೆಸರೇ ಮೊದಲು ಬರುತ್ತದೆ. ವಡೋದರಾದ ಹತ್ತಿರದ ಡಭೋಯಿಯಲ್ಲಿ ಬಾಳಿದ ದಯಾರಾಮ (1777–1853) ಕೃಷ್ಣನ ಮೇಲೆ ಬರೆದ ಹಾಡುಗಳಿಗೆ ‘ಗರಬಿ’ ಎಂಬ ಹೆಸರಿದೆ. ಗರಬೋ ಉದ್ದ, ಹೆಚ್ಚಾಗಿ ದೇವಿಯದು. ಗರಬಿ ಚಿಕ್ಕದು, ಭಾವಗೀತೆಯಂಥದು. ಆದರೆ ಸೌರಾಷ್ಟ್ರಕ್ಕೆ ಹೋದರೆ ಗರಬಿ ಹಾಡಷ್ಟೇ ಅಲ್ಲ, ಓಣಿಯ ಹೆಣ್ಣುಮಕ್ಕಳು ಸೇರಿ ಕುಣಿಯುವ ಕೂಟವೂ ಹೌದು. ಕತಾರ್‌ಗಾಮ್, ವರಾಛಾಗಳ ವಜ್ರದ ಕಾರ್ಖಾನೆಗಳಿಗೆ ಭಾವನಗರ, ಅಮ್ರೇಲಿ ಕಡೆಯ ಹಳ್ಳಿಗಳಿಂದ ಬಂದವರು ಮಾತಿನ ಧಾಟಿಯ ಜೊತೆಗೆ ಹಬ್ಬದ ಧಾಟಿಯನ್ನೂ ತಂದರು. ಅವರೂ ನಮ್ಮ ಹಾಗೆ ವಲಸಿಗರೇ, ದೀಪಾವಳಿಗೆ ಊರಿನ ಬಸ್ಸು ಹಿಡಿಯುವವರೇ. ಅವರ ಕಸುಬಿನ ಹೆಸರೂ ಒಂದು ಪಯಣ ಮಾಡಿದೆ. ಮೊದಲು ‘ಹೀರಾ ಘಸು’, ಅಂದರೆ ವಜ್ರ ಉಜ್ಜುವವನು. ಈಗ ಗೌರವಕ್ಕೆ ‘ರತ್ನಕಲಾಕಾರ್’. ಹೆಸರು ದೊಡ್ಡದಾದಷ್ಟು ಸಂಬಳ ದೊಡ್ಡದಾಯಿತೇ ಎಂಬುದನ್ನು ಅವರನ್ನೇ ಕೇಳಬೇಕು.

ಕುಣಿತದ ಹೆಸರು ಬದಲಾಗುತ್ತ ಹೋದಾಗ ಏನು ಸಿಗುತ್ತದೆ, ಏನು ಕಳೆಯುತ್ತದೆ? ಇದನ್ನು ತಿಳಿಯಲು ಇನ್ನೊಂದು ವಲಸಿಗರ ಬಂದರಿನ ಕಥೆ ನೆರವಾಗುತ್ತದೆ. ದಕ್ಷಿಣ ಅಮೆರಿಕದ ರಿಯೊ ದೆ ಲಾ ಪ್ಲಾಟಾ ನದೀಮುಖದ ಎರಡು ದಡಗಳಲ್ಲಿ ಬ್ಯೂನಸ್ ಐರಿಸ್ ಮತ್ತು ಮಾಂಟೆವಿಡಿಯೊ ನಗರಗಳಿವೆ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅಲ್ಲಿ ‘ಟ್ಯಾಂಗೊ’ ಎಂದರೆ ಗಂಡುಹೆಣ್ಣು ಅಪ್ಪಿ ಕುಣಿಯುವ ಕುಣಿತವಲ್ಲ. ಆಫ್ರಿಕಾದಿಂದ ಗುಲಾಮರಾಗಿ ತಂದ ಜನ ಮತ್ತು ಅವರ ಮಕ್ಕಳು ಸೇರುತ್ತಿದ್ದ ಜಾಗ, ಅಲ್ಲಿ ಬಾರಿಸುವ ಡೋಲು, ಆ ಡೋಲಿಗೆ ಕುಣಿಯುವ ಕೂಟ ಎಲ್ಲವೂ ಟ್ಯಾಂಗೊ. ಊರಿನ ಆಡಳಿತಕ್ಕೆ ಅದು ಗಲಾಟೆ, ಆಗಾಗ ನಿಷೇಧಿಸಬೇಕಾದ ವಸ್ತು. ಸ್ಪೇನಿನ ರಾಯಲ್ ಅಕಾಡೆಮಿಯ ನಿಘಂಟು 1899ರಲ್ಲೂ ಅದನ್ನು ಅಮೆರಿಕದ ಕರಿಯರ, ಕೆಳವರ್ಗದ ಜನರ ಹಬ್ಬ ಮತ್ತು ಕುಣಿತ ಎಂದೇ ಗುರುತಿಸಿತ್ತು.

ಆಮೇಲೆ ಇಟಲಿ, ಸ್ಪೇನುಗಳಿಂದ ಕೂಲಿ ಹುಡುಕಿಕೊಂಡು ಬಂದವರು, ಕ್ಯೂಬಾದಿಂದ ಬಂದ ಹಬನೇರಾ ಎಂಬ ಲಯ, ಜರ್ಮನಿಯ ಬ್ಯಾಂಡೋನಿಯನ್ ವಾದ್ಯ ಎಲ್ಲ ಸೇರಿ ಇಂದಿನ ಟ್ಯಾಂಗೊ ಹುಟ್ಟಿತು. 1913ರ ಹೊತ್ತಿಗೆ ಪ್ಯಾರಿಸ್, ಲಂಡನ್‌ಗಳಿಗೆ ಅದರ ಹುಚ್ಚು ಹಿಡಿದಿತ್ತು. ಜರ್ಮನಿಯ ಚಕ್ರವರ್ತಿ ಕೈಸರ್ ವಿಲ್ಹೆಲ್ಮ್ ತನ್ನ ಸೇನಾಧಿಕಾರಿಗಳು ಸಮವಸ್ತ್ರದಲ್ಲಿ ಅದನ್ನು ಕುಣಿಯಬಾರದೆಂದು ಅಪ್ಪಣೆ ಮಾಡಬೇಕಾಯಿತು. ಮನೆಯಲ್ಲಿ ಕೀಳೆನಿಸಿದ್ದು ಪ್ಯಾರಿಸ್‌ನಲ್ಲಿ ಮೆಚ್ಚುಗೆ ಪಡೆದ ಮೇಲೆ ಬ್ಯೂನಸ್ ಐರಿಸ್‌ನ ಸಿರಿವಂತರೂ ಅದನ್ನು ತಮ್ಮದೆಂದರು. ಇಂದು ವಿಮಾನದ ರೇಡಿಯೊದಲ್ಲಿ ‘ಟಿ’ ಅಕ್ಷರಕ್ಕೂ ಹೇಳುವ ಹೆಸರು ಟ್ಯಾಂಗೊ.

ಇಷ್ಟೆಲ್ಲ ಆದಮೇಲೆ ಹೆಸರಿನ ಮೂಲದ ಬಗ್ಗೆ ಜಗಳ ಬಂತು. ಕೆಲವರು ಅದನ್ನು ಆಫ್ರಿಕಾದ ಭಾಷೆಗಳಲ್ಲಿ ಹುಡುಕಿ, ಸುತ್ತುಗಟ್ಟಿದ ಜಾಗ ಎಂಬ ಅರ್ಥ ಹೇಳಿದರು. ಕೆಲವರು ಡೋಲಿನ ಸ್ಪ್ಯಾನಿಷ್ ಹೆಸರಾದ ‘ತಾಂಬೊರ್’ ಕಡೆ ಕೈ ತೋರಿಸಿದರು. ಇನ್ನು ಕೆಲವರು ಲ್ಯಾಟಿನ್‌ಗೆ ಹೋದರು. ಲ್ಯಾಟಿನ್‌ನಲ್ಲಿ ‘ತಾಂಗೊ’ ಎಂದರೆ ‘ನಾನು ಮುಟ್ಟುತ್ತೇನೆ’. ಅಪ್ಪಿ ಕುಣಿಯುವ ಕುಣಿತಕ್ಕೆ ಎಷ್ಟು ಒಪ್ಪುವ ಅರ್ಥ! ಆದರೆ ಆ ಅರ್ಥವನ್ನು ಒಪ್ಪಿಕೊಂಡ ಕ್ಷಣವೇ ಡೋಲು ಬಾರಿಸಿದ ಗುಲಾಮರು ಕಥೆಯಿಂದ ಹೊರಗೆ ಬೀಳುತ್ತಾರೆ. ಪದಮೂಲದ ಜಗಳ ಪಂಡಿತರ ಆಟದಂತೆ ಕಂಡರೂ ಕುಣಿತ ಯಾರದು ಎಂಬ ಪ್ರಶ್ನೆ ಅದರೊಳಗೆ ಅಡಗಿರುತ್ತದೆ.

ಗುಜರಾತಿನಲ್ಲಿ ಪದಮೂಲದ ಬಗ್ಗೆ ಅಂಥ ಜಗಳವಿಲ್ಲ. ಇಲ್ಲಿನ ಜಗಳ ಸುತ್ತಿನ ಬಗ್ಗೆ. ಹಳೆಯ ಗರಬಾಕ್ಕೆ ‘ಶೇರಿ ಗರಬಾ’ ಎಂದು ಹೆಸರು. ಶೇರಿ ಎಂದರೆ ಓಣಿ, ನಮ್ಮ ‘ಕೇರಿ’ಯನ್ನು ನೆನಪಿಸುವ ಮಾತು. ಈಗ ದೊಡ್ಡ ಗರಬಾಗಳು ನಡೆಯುವುದು ಮೈದಾನಗಳಲ್ಲಿ, ‘ಪಾರ್ಟಿ ಪ್ಲಾಟ್’ಗಳಲ್ಲಿ. ವಡೋದರಾದ ಮೈದಾನಗಳಲ್ಲಿ ಒಂದೊಂದು ರಾತ್ರಿ ಸಾವಿರಾರು ಜನ ಒಂದೇ ಹಾಡಿಗೆ ಹೆಜ್ಜೆ ಹಾಕುತ್ತಾರೆ. ಸೊಗಸಾದ ನೋಟವೇ ಅದು. ಆದರೆ ಓಣಿಗೆ ಬಾಗಿಲಿರಲಿಲ್ಲ, ಮೈದಾನಕ್ಕೆ ಗೇಟಿದೆ. 2022ರಲ್ಲಿ ದುಬಾರಿ ಪಾಸುಗಳ ಮೇಲೆ ಶೇಕಡಾ 18ರ ಜಿಎಸ್‌ಟಿ ಸುದ್ದಿಯಾದಾಗ ಪ್ರತಿಭಟನೆಗಳಾದವು, ಜನ ಬೀದಿಯಲ್ಲಿ ಗರಬಾ ಕುಣಿದೇ ಸಿಟ್ಟು ತೋರಿಸಿದರು. ಗೇಟಿನಲ್ಲಿ ಗುರುತಿನ ಚೀಟಿ ನೋಡಿ ಬೇರೆ ಧರ್ಮದವರನ್ನು ತಡೆಯಬೇಕು ಎಂಬ ಒತ್ತಾಯವೂ ಇತ್ತೀಚಿನ ನವರಾತ್ರಿಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಸೌರಾಷ್ಟ್ರದಲ್ಲಿ ತಲೆಮಾರುಗಳಿಂದ ಡೋಲು ಬಾರಿಸಿಕೊಂಡು ಬಂದವರಲ್ಲಿ ಮೀರ್, ಲಂಘಾ ಎಂಬ ಮುಸ್ಲಿಂ ವಾದಕ ಸಮುದಾಯಗಳೂ ಇವೆ ಎಂಬುದು ಆ ಒತ್ತಾಯದ ನಡುವೆ ಕೇಳಿಸುವುದಿಲ್ಲ.

ಹಾಗೆಂದು ಹಳೆಯ ಓಣಿಯಲ್ಲಿ ಎಲ್ಲ ಸರಿಯಿತ್ತು ಎಂದೂ ಹೇಳಲಾಗದು. ಕೇರಿ ಎಂಬ ಪದದ ಒಳಗೇ ಯಾವ ಜಾತಿ ಎಲ್ಲಿರಬೇಕು ಎಂಬ ಗೆರೆ ಇರುವುದು ಕನ್ನಡಿಗರಿಗೆ ಗೊತ್ತು. 2017ರ ಅಕ್ಟೋಬರ್ 1ರಂದು ಆಣಂದ್ ಜಿಲ್ಲೆಯ ಭದ್ರಾಣಿಯಾ ಎಂಬ ಹಳ್ಳಿಯಲ್ಲಿ ಒಬ್ಬ ದಲಿತ ಯುವಕ ಹೊಡೆತಕ್ಕೆ ಸಿಕ್ಕಿ ಸತ್ತ. ದಲಿತರಿಗೆ ಗರಬಾ ನೋಡುವ ಹಕ್ಕಿಲ್ಲ ಎಂದು ಮೇಲ್ಜಾತಿಯವರು ಹೊಡೆದರು ಎಂಬ ದೂರು ದಾಖಲಾಯಿತು. ಕುಣಿಯುವ ಮಾತಿರಲಿ, ಬರೀ ನೋಡುವ ಹಕ್ಕು. ‘ಮುಟ್ಟುತ್ತೇನೆ’ ಎಂಬ ಲ್ಯಾಟಿನ್ ಅರ್ಥ ಯುರೋಪಿನಲ್ಲಿ ಪ್ರಣಯದಂತೆ ಕೇಳಿಸಬಹುದು. ನಮ್ಮ ನೆಲದಲ್ಲಿ ಆ ಮಾತಿಗೆ ಬೇರೆಯೇ ಭಾರವಿದೆ. ಗರ್ಭಗುಡಿಯಲ್ಲೂ ಗರಬಾದಲ್ಲೂ ಇರುವುದು ಅದೇ ಗರ್ಭ, ಎರಡರ ಮುಂದೆಯೂ ಯಾರು ಒಳಗೆ, ಯಾರು ಹೊರಗೆ ಎಂಬ ಪ್ರಶ್ನೆ ನಿಂತಿದೆ.

ಟ್ಯಾಂಗೊ 2009ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಗರಬಾ ಸೇರಿದ್ದು 2023ರ ಡಿಸೆಂಬರ್‌ನಲ್ಲಿ. ಸಿರಿತನ, ಲಿಂಗ, ಧರ್ಮಗಳ ಗೋಡೆಗಳನ್ನು ತೆಳುವಾಗಿಸಿ ಅಂಚಿನ ಸಮುದಾಯಗಳನ್ನೂ ಒಳಗೊಳ್ಳುವ ಕುಣಿತ ಎಂಬುದು ಆ ಮನ್ನಣೆಯ ವಿವರಣೆಯಲ್ಲಿ ಬರುವ ಮಾತು. ಅದನ್ನು ಸುಳ್ಳೆಂದು ತಳ್ಳಿಹಾಕುವ ಬದಲು ಗರಬಾ ಕೊಟ್ಟ ಮಾತೆಂದು ಹಿಡಿದುಕೊಳ್ಳುವುದು ಮೇಲು. ಕೊಟ್ಟ ಮಾತನ್ನು ನೆನಪಿಸಲು ಬರುತ್ತದೆ. ಬೆಂಗಳೂರಿನ ಕರಗ ಪ್ರತಿ ವರ್ಷ ತನ್ನ ದಾರಿಯಲ್ಲಿ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ ಬರುತ್ತದೆ. ಅದರಿಂದ ದ್ರೌಪದಿಯ ಮಹಿಮೆಗೆ ಕುಂದು ಬಂದಿಲ್ಲ.

ಊರು ಬಿಟ್ಟು ಬಂದವರಿಗೆ ಗರಬಾ ಒಂದು ದೊಡ್ಡ ಉಪಕಾರ ಮಾಡುತ್ತದೆ. ಭಾಷೆ ಬಾರದಿದ್ದರೂ ಎರಡು ಚಪ್ಪಾಳೆಯೋ ಮೂರು ಚಪ್ಪಾಳೆಯೋ ಎಂದು ಗೊತ್ತಾದರೆ ಸಾಕು, ಸುತ್ತಿನಲ್ಲಿ ಜಾಗ ಸಿಗುತ್ತದೆ. ಆ ಜಾಗ ನಮಗೆ ಸಲೀಸಾಗಿ ಸಿಕ್ಕಿದ್ದರೆ, ಅದೇ ಮೈದಾನದ ಗೇಟಿನ ಆಚೆ ಯಾರು ನಿಂತಿದ್ದಾರೆ ಎಂದು ಒಮ್ಮೆ ತಿರುಗಿ ನೋಡುವ ಋಣವೂ ನಮಗಿದೆ. ತೂತಿಲ್ಲದ ಮಡಕೆಯಲ್ಲೂ ದೀಪ ಇಡಬಹುದು, ಅದಕ್ಕೆ ಗರಬೋ ಎಂದು ಯಾರೂ ಹೇಳುವುದಿಲ್ಲ.