‘ಮರ್ಮರ್’: ಒಂದು ಪದದ ಅರ್ಥಚರಿತ್ರೆ

ಇಂಗ್ಲಿಷಿನ ‘ಮರ್ಮರ್’ ಪದವು ಸಂಸ್ಕೃತದ ‘ಮರ್ಮರ’ವನ್ನು ನೆನಪಿಸುವುದು ಸಹಜ. ಆದರೆ ಅದು ಇಂಗ್ಲಿಷಿಗೆ ಬಂದುದು ಲ್ಯಾಟಿನ್ನಿನಿಂದ, ಫ್ರೆಂಚಿನ ಮೂಲಕ. ಸಂಸ್ಕೃತದಲ್ಲಿ ತರಗೆಲೆಗಳ ಸದ್ದನ್ನು ಸೂಚಿಸುವ ಈ ಅನುಕರಣ ರೂಪವು ಲ್ಯಾಟಿನ್ನಿನಲ್ಲಿ ಕಡಲಿನ ಮೊರೆತಕ್ಕೂ ಸಲ್ಲುತ್ತಿತ್ತು.

ಮಧ್ಯಯುಗದಲ್ಲಿ ಈ ಪದಕ್ಕೆ ನೈತಿಕ ಅರ್ಥವೇ ಪ್ರಧಾನವಾಗಿತ್ತೆಂಬುದು ಗಮನಾರ್ಹ. 6ನೆಯ ಶತಮಾನದ ಸಂತ ಬೆನೆಡಿಕ್ಟನ ಮಠನಿಯಮಗಳು ಗೊಣಗಾಟವನ್ನು ಕಟುವಾಗಿ ನಿಷೇಧಿಸುತ್ತವೆ. 14ನೆಯ ಶತಮಾನದ ಚಾಸರ್ ಇದನ್ನು ಪಾಪಗಳ ವಿವೇಚನೆಯಲ್ಲಿ ಬಳಸಿದ್ದಾನೆ. 1611ರ ಇಂಗ್ಲಿಷ್ ಬೈಬಲಿನಲ್ಲಿ ಹಸಿದ ಜನರು ಮೋಶೆಯ ವಿರುದ್ಧ ಆಡುವ ಮಾತೂ ‘ಮರ್ಮರ್’ ಆಗಿದೆ. ಹೀಗೆ, ಅಧಿಕಾರದ ಕಿವಿಗೆ ಬಿದ್ದ ಅಸಮಾಧಾನದ ಹೆಸರು ಇದು.

ತೊರೆಯ, ತಂಗಾಳಿಯ ಸದ್ದೆಂಬ ಸೌಮ್ಯಾರ್ಥವು ಕಾವ್ಯದಲ್ಲಿ ಬೆಳೆಯಿತು. 1816ರಲ್ಲಿ ಲೆನೆಕ್ ಸ್ಟೆತೊಸ್ಕೋಪನ್ನು ರೂಪಿಸಿದ ಬಳಿಕ ಹೃದಯದ ಅಸಹಜ ಧ್ವನಿಗೂ ಇದೇ ಪದ ನಿಂತಿತು. ಧ್ವನಿವಿಜ್ಞಾನಿಗಳು ಘ, ಧ, ಭಗಳಂತಹ ಘೋಷ ಮಹಾಪ್ರಾಣಗಳ ಉಸಿರುಬೆರೆತ ನಾದಕ್ಕೂ ಇದನ್ನು ಬಳಸಿದ್ದಾರೆ.

ಕನ್ನಡವು ಈ ಅರ್ಥಗಳನ್ನು ಬೇರೆ ಬೇರೆ ಪದಗಳಿಗೆ ಹಂಚಿದೆ: ತೊರೆಯದು ಜುಳುಜುಳು, ಗುಟ್ಟಿನದು ಪಿಸುಮಾತು, ಅತೃಪ್ತಿಯದು ಗೊಣಗಾಟ. ಆದುದರಿಂದ ಭಾಷಾಂತರಕಾರನು ಇಲ್ಲಿ ಆಯ್ಕೆ ಮಾಡಲೇಬೇಕಾಗುತ್ತದೆ. ಪ್ರಜೆಗಳ ‘ಮರ್ಮರ್’ ಅನ್ನು ‘ಗೊಣಗಾಟ’ವೆಂದರೆ ಅವರ ದೂರು ಕ್ಷುಲ್ಲಕವಾಗಿ ಕಾಣುತ್ತದೆ, ‘ಅಸಮಾಧಾನ’ವೆಂದರೆ ಅದಕ್ಕೆ ಕಾರಣವಿರಬಹುದೆಂಬ ಸೂಚನೆ ಉಳಿಯುತ್ತದೆ. ತಗ್ಗಿದ ದನಿಯೆಲ್ಲ ದುರ್ಬಲ ದನಿಯಲ್ಲವೆಂಬುದನ್ನು ಈ ಪದದ ಚರಿತ್ರೆ ಮನಗಾಣಿಸುತ್ತದೆ.