ಶರೀರಶಾಸ್ತ್ರದ ವ್ಯಾಸಂಗವೂ ಅದತ್ತಾದಾನವೂ

ವೈದ್ಯಕೀಯ ಮಹಾವಿದ್ಯಾಲಯದ ಪ್ರಥಮ ವರ್ಷದಲ್ಲಿ ವ್ಯಾಸಂಗ ಮಾಡುತ್ತಿರುವ ನನ್ನ ಮೊಮ್ಮಗಳು ದೀಪಾವಳಿಯ ರಜೆಗೆ ಮನೆಗೆ ಬಂದಾಗ ಪುಸ್ತಕಗಳ ಚೀಲದೊಡನೆ ಒಂದು ರಟ್ಟಿನ ಪೆಟ್ಟಿಗೆಯನ್ನೂ ತಂದಳು. ಅದರಲ್ಲಿದ್ದುದು ಮನುಷ್ಯನ ಎಲುಬುಗಳು. ಒಂದು ತಲೆಬುರುಡೆ, ಒಂದು ಹೆಗಲೆಲುಬು, ಒಂದು ಪಾರ್ಶ್ವದ ಕೈಕಾಲುಗಳ ಅಸ್ಥಿಗಳು, ದಾರದಲ್ಲಿ ಪೋಣಿಸಿದ ಬೆನ್ನೆಲುಬಿನ ಮಣಿಗಳು. ವಿದ್ಯಾರ್ಥಿಗಳು ಇದಕ್ಕೆ ‘ಅರ್ಧ ಸೆಟ್’ ಎನ್ನುತ್ತಾರಂತೆ. ನನ್ನ ಶ್ರೀಮತಿಯವರು ಪೆಟ್ಟಿಗೆಯನ್ನು ಹೊಸ್ತಿಲು ದಾಟಗೊಡಲಿಲ್ಲ. “ಅಜ್ಜೀ, ಎಲುಬನ್ನು ಕೈಯಲ್ಲಿ ಹಿಡಿದು ನೋಡದೆ ಈ ವಿಷಯ ತಲೆಗೆ ಹತ್ತುವುದಿಲ್ಲ” ಎಂದು ಹುಡುಗಿ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಪೆಟ್ಟಿಗೆಯು ಅಂಗಡಿಯ ಉಗ್ರಾಣವನ್ನು ಸೇರಿತು.

ನಾನು ಓದಿದ್ದು ಬಿ.ಕಾಂ. ಮಾತ್ರ, ನಲವತ್ತು ವರ್ಷ ಅರಳೆ ವ್ಯಾಪಾರ ಮಾಡಿದವನು. ಆದುದರಿಂದ ಮೊಮ್ಮಗಳನ್ನು ನಾನು ಕೇಳಿದುದು ವ್ಯಾಪಾರಿಯ ಪ್ರಶ್ನೆಯನ್ನೇ: “ಇದಕ್ಕೆ ಬಿಲ್ಲು ಎಲ್ಲಿದೆ?” ಹಿರಿಯ ವಿದ್ಯಾರ್ಥಿಯೊಬ್ಬನಿಂದ ಹಣ ಕೊಟ್ಟು ಕೊಂಡದ್ದು, ಅವನು ತನಗಿಂತ ಹಿರಿಯನಿಂದ ಕೊಂಡಿದ್ದನು. ಅದಕ್ಕೆ ಮುಂಚೆ? ಅವಳಿಗೆ ತಿಳಿಯದು. ನಾಲ್ಕು ಕೈ ಬದಲಾದ ಮಾಲಿಗೆ ಮೊದಲ ಒಡೆಯನು ಯಾರೆಂಬುದೇ ಗೊತ್ತಿಲ್ಲ. ಮಾಲೇ ಆ ಒಡೆಯನ ದೇಹವೆಂಬುದು ಇಲ್ಲಿನ ವಿಶೇಷ. ಅಂದಿನಿಂದ ಈ ವಿದ್ಯೆಯ ಚರಿತ್ರೆಯನ್ನು ದೊರೆತಷ್ಟು ಓದಿದೆನು. ಕಂಡುಕೊಂಡುದನ್ನು ಓದುಗ ಮಹನೀಯರ ಮುಂದಿಡುತ್ತಿದ್ದೇನೆ.

ಪ್ರಾಣಿಹಿಂಸೆಯ ದೃಷ್ಟಿಯಿಂದ ಈ ವ್ಯಾಸಂಗವನ್ನು ನಮ್ಮವರು ಬಹುಕಾಲದಿಂದ ಚರ್ಚಿಸಿದ್ದಾರೆ. ಕಪ್ಪೆಯನ್ನು ಕೊಯ್ಯಬೇಕಾಗುತ್ತದೆಂದು ಜೀವಶಾಸ್ತ್ರವನ್ನೇ ಬಿಟ್ಟ ಹುಡುಗ ಹುಡುಗಿಯರು ನಮ್ಮ ಸಮಾಜದಲ್ಲಿ ಅನೇಕರಿದ್ದರು. ವಿಶ್ವವಿದ್ಯಾಲಯ ಅನುದಾನ ಆಯೋಗವು 2011ರಲ್ಲಿ ಪ್ರಾಣಿಚ್ಛೇದನವನ್ನು ಹಂತಹಂತವಾಗಿ ಕಡಿಮೆ ಮಾಡಲು ಸೂಚಿಸಿ, 2014ರಲ್ಲಿ ಪ್ರಾಣಿಶಾಸ್ತ್ರದ ತರಗತಿಗಳಲ್ಲಿ ಅದನ್ನು ನಿಲ್ಲಿಸುವಂತೆಯೇ ಆದೇಶಿಸಿತು. ಕಪ್ಪೆಯ ಸ್ನಾಯುವಿಗೆ ವಿದ್ಯುತ್ತು ಹಾಯಿಸಿ, ಮಸಿ ಬಳಿದ ಉರುಳೆಯ ಮೇಲೆ ಅದರ ಸೆಳೆತದ ಗೆರೆಯನ್ನು ಮೂಡಿಸುತ್ತಿದ್ದ ಪ್ರಯೋಗವನ್ನು ನನ್ನ ಮೊಮ್ಮಗಳು ಗಣಕಯಂತ್ರದ ಪರದೆಯಲ್ಲಿ ನೋಡಿ ಕಲಿತಳು. ಇದು ಸಂತೋಷದ ಸಂಗತಿ. ಆದರೆ ಅಹಿಂಸೆಯ ಪ್ರಶ್ನೆ ಬಗೆಹರಿದ ಮಾತ್ರಕ್ಕೆ ಅಚೌರ್ಯದ ಪ್ರಶ್ನೆ ಬಗೆಹರಿದಂತಾಗುವುದಿಲ್ಲ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದಕ್ಕೆ ನಮ್ಮ ಆಚಾರ್ಯರು ‘ಅದತ್ತಾದಾನ’ ಎಂದು ಹೆಸರಿಟ್ಟರು. ಕಳ್ಳನು ತಂದುದನ್ನು ಕೊಳ್ಳುವುದನ್ನೂ ‘ತದಾಹೃತಾದಾನ’ವೆಂದು ಕರೆದು, ಸುಳ್ಳು ತೂಕ ಅಳತೆಗಳೊಡನೆ ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದರು. ವ್ಯಾಪಾರಿಗಳಾದ ನಮಗೆ ಈ ಪಟ್ಟಿ ಬಾಯಿಪಾಠವಾಗಿದೆ. ಶರೀರಶಾಸ್ತ್ರಕ್ಕೆ ಇದನ್ನು ಹಚ್ಚಿ ನೋಡಿದವರು ಮಾತ್ರ ವಿರಳ.

ಭರತಖಂಡದಲ್ಲಿ ಈ ವಿದ್ಯೆ ಹೊಸದಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಶವಪರೀಕ್ಷೆಯ ವಿಧಾನವನ್ನು ವಿವರಿಸಿದೆ. ವಿಷದಿಂದಾಗಲಿ ದೀರ್ಘರೋಗದಿಂದಾಗಲಿ ಸಾಯದವನ ದೇಹವನ್ನು ಹುಲ್ಲು ನಾರುಗಳಿಂದ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ಮುಳುಗಿಸಿಡಬೇಕು. ಅನಂತರ ಲಾವಂಚ, ಬಿದಿರು ಮೊದಲಾದವುಗಳ ಕುಂಚದಿಂದ ಮೆಲ್ಲನೆ ಉಜ್ಜುತ್ತ ಚರ್ಮದಿಂದ ಮೊದಲ್ಗೊಂಡು ಪದರಪದರವಾಗಿ ಕಣ್ಣಿನಿಂದಲೇ ನೋಡಬೇಕು. ಕತ್ತಿಯ ಬದಲು ಕುಂಚವೆಂಬುದನ್ನು ಗಮನಿಸಬೇಕು. ಸುಶ್ರುತನ ಎಣಿಕೆಯಂತೆ ಎಲುಬುಗಳು 300, ಚರಕನಂತೆ 360. ಇಂದಿನ ಪಠ್ಯದಲ್ಲಿ ವಯಸ್ಕರಿಗೆ 206. ಹಿಂದಿನವರು ಹಲ್ಲುಗಳನ್ನೂ ಮೃದ್ವಸ್ಥಿಗಳನ್ನೂ ಕೂಡಿಸಿ ಎಣಿಸಿದುದರಿಂದ ಈ ವ್ಯತ್ಯಾಸ. ಶಿವಾರ್ಯರ ಭಗವತೀ ಆರಾಧನೆಯಲ್ಲಿಯೂ ದೇಹದ ಅಶುಚಿತ್ವವನ್ನು ಭಾವಿಸುವ ಸಂದರ್ಭದಲ್ಲಿ ಅಸ್ಥಿ, ಸಂಧಿ, ಸ್ನಾಯು, ಸಿರೆಗಳ ಲೆಕ್ಕ ಬರುತ್ತದೆ. ಅಲ್ಲಿ ಉದ್ದೇಶವು ವೈರಾಗ್ಯ. ಆದರೂ ಲೆಕ್ಕ ಲೆಕ್ಕವೇ. ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವು ಮದ್ಯ ಮಾಂಸ ಮಧುಗಳಿಲ್ಲದೆ ವೈದ್ಯ ಸಾಧ್ಯವೆಂದು ಸಾರಿದ ಗ್ರಂಥವೆಂಬುದು ಈ ಪತ್ರಿಕೆಯ ಓದುಗರಿಗೆ ತಿಳಿದೇ ಇದೆ.

ಪಶ್ಚಿಮದಲ್ಲಿ ಗ್ರೀಕ್ ವೈದ್ಯನಾದ ಗ್ಯಾಲೆನ್ ಕ್ರಿ.ಶ. ಎರಡನೆಯ ಶತಮಾನದಲ್ಲಿ ಕೋತಿ, ಹಂದಿಗಳನ್ನು ಕೊಯ್ದು ನೋಡಿ, ಕಂಡುದನ್ನು ಮನುಷ್ಯನಿಗೂ ಅನ್ವಯಿಸಿದನು. ಮುಂದೆ ಸಾವಿರದ ಮುನ್ನೂರಕ್ಕೂ ಮಿಕ್ಕಿ ವರ್ಷ ಅವನ ಮಾತೇ ಪ್ರಮಾಣವಾಯಿತು. ಮನುಷ್ಯನ ಕೆಳದವಡೆ ಎರಡು ಎಲುಬುಗಳೆಂದು ಅವನು ಬರೆದಿದ್ದನು. ಪಾಡುವಾ ವಿಶ್ವವಿದ್ಯಾಲಯದ ಆಂಡ್ರಿಯಾಸ್ ವೆಸಾಲಿಯಸ್ ಅದು ಒಂದೇ ಎಲುಬೆಂದು 1543ರಲ್ಲಿ ಅಚ್ಚಾದ ತನ್ನ ಮಹಾಗ್ರಂಥದಲ್ಲಿ ತೋರಿಸಿಕೊಟ್ಟನು. ಶಾಸ್ತ್ರಪ್ರಮಾಣಕ್ಕಿಂತ ಪ್ರತ್ಯಕ್ಷ ಮೇಲಾಯಿತು. ಆದರೆ ಆ ಪ್ರತ್ಯಕ್ಷವು ದೊರೆತ ಬಗೆಯನ್ನು ವೆಸಾಲಿಯಸನೇ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ: ವಿದ್ಯಾರ್ಥಿಯಾಗಿದ್ದಾಗ ಲೂವೆನ್ ನಗರದ ಹೊರಗೆ ಗಲ್ಲುಗಂಬದಲ್ಲಿ ತೂಗುತ್ತಿದ್ದ ಅಪರಾಧಿಯೊಬ್ಬನ ಅಸ್ಥಿಪಂಜರವನ್ನು ಕದ್ದು ತಂದದ್ದು!

ರಕ್ತಪರಿಚಲನೆಯನ್ನು ಕುರಿತ ಅಧ್ಯಾಯವು ನನಗೆ ಬಹಳ ಹಿಡಿಸಿತು; ಏಕೆಂದರೆ ಅದು ಲೆಕ್ಕಿಗನ ವಾದ. ಯಕೃತ್ತು ಆಹಾರದಿಂದ ರಕ್ತವನ್ನು ಉತ್ಪಾದಿಸುತ್ತದೆ, ಅವಯವಗಳು ಅದನ್ನು ಖರ್ಚು ಮಾಡಿಬಿಡುತ್ತವೆ ಎಂಬುದು ಗ್ಯಾಲೆನ್ನನ ಮತ. ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಕೇಳಿದ್ದು ಸರಳ ಪ್ರಶ್ನೆ: ಒಂದು ಬಡಿತಕ್ಕೆ ಹೃದಯದಿಂದ ಹೊರಡುವ ರಕ್ತವೆಷ್ಟು, ಅರ್ಧ ಗಂಟೆಗೆ ಬಡಿತಗಳೆಷ್ಟು? ಎಷ್ಟು ಕಡಿಮೆ ಹಿಡಿದು ಗುಣಿಸಿದರೂ ಇಡೀ ದೇಹದ ರಕ್ತವನ್ನು ಮೀರಿದ ಮೊತ್ತ ಬರುತ್ತದೆ. ಇಂದಿನ ಅಂಕಿಗಳಿಂದ ನೋಡೋಣ. ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ 72 ಬಡಿತ. ನಿಮಿಷಕ್ಕೆ 5 ಲೀಟರ್, ಅರ್ಧ ಗಂಟೆಗೆ 150 ಲೀಟರ್. ದೇಹದಲ್ಲಿರುವ ರಕ್ತವೋ ಒಟ್ಟು ಸುಮಾರು 5 ಲೀಟರ್. ಐದು ಲೀಟರ್ ದಾಸ್ತಾನಿನಿಂದ ಅರ್ಧ ಗಂಟೆಯಲ್ಲಿ ನೂರೈವತ್ತು ಲೀಟರ್ ರವಾನೆಯಾಗಿದೆಯೆಂದು ಗುಮಾಸ್ತನು ಬರೆದರೆ ನಾವು ಏನೆನ್ನುತ್ತೇವೆ? ಅದೇ ಮಾಲು ಹಿಂದಕ್ಕೆ ಬಂದು ಮತ್ತೆ ಹೋಗುತ್ತಿದೆ ಎನ್ನುತ್ತೇವೆ. ಹಾರ್ವೆಯೂ ಅದನ್ನೇ ಹೇಳಿದನು. ತೋಳಿಗೆ ಪಟ್ಟಿ ಬಿಗಿದು, ಉಬ್ಬಿದ ಅಭಿಧಮನಿಯನ್ನು ಬೆರಳಿನಿಂದ ಒತ್ತಿ, ಒಳಗಿನ ಕವಾಟಗಳು ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುತ್ತವೆಂದು ತೋರಿಸಿದನು. ಈ ಪ್ರಯೋಗದಿಂದ ಯಾರಿಗೂ ನೋವಿಲ್ಲ. ಅವನು ಜೀವಂತ ಪ್ರಾಣಿಗಳನ್ನು ಕೊಯ್ದು ಹೃದಯವನ್ನು ನೋಡಿದನೆಂಬುದೂ ಸತ್ಯವೇ, ಅದನ್ನು ಮರೆಮಾಚಲಾರೆ.

ಇನ್ನು ವ್ಯಾಪಾರದ ವಿಷಯಕ್ಕೆ ಬರುತ್ತೇನೆ. ಬ್ರಿಟನ್ನಿನಲ್ಲಿ 1752ರ ಕಾನೂನು ಗಲ್ಲಿಗೇರಿದ ಕೊಲೆಗಾರರ ದೇಹಗಳನ್ನು ಛೇದನಕ್ಕೆ ಒದಗಿಸಿತು. ವೈದ್ಯಶಾಲೆಗಳು ಹೆಚ್ಚಿದಂತೆ ಅದು ಸಾಲದಾಯಿತು; ಗೋರಿ ಅಗೆಯುವವರ ಕಸುಬು ಹುಟ್ಟಿತು. ಆಂಗ್ಲರ ನ್ಯಾಯದಲ್ಲಿ ಶವವು ಯಾರ ಸ್ವತ್ತೂ ಅಲ್ಲ. ಆದುದರಿಂದ ಈ ಕಸುಬಿನವರು ಹೆಣಕ್ಕೆ ಹೊದಿಸಿದ ಬಟ್ಟೆಯನ್ನು ಗೋರಿಯಲ್ಲೇ ಬಿಟ್ಟು ಬರಿಯ ದೇಹವನ್ನು ಒಯ್ಯುತ್ತಿದ್ದರು. ಬಟ್ಟೆ ಕದ್ದರೆ ಕಳ್ಳತನದ ಘೋರ ಶಿಕ್ಷೆ. ದೇಹ ಒಯ್ದರೆ ಸಣ್ಣ ಅಪರಾಧ. ಎಡಿನ್‌ಬರೋ ನಗರದಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರಿಗೆ ಅಗೆಯುವ ಶ್ರಮವೂ ಬೇಡವಾಯಿತು. ಬಾಡಿಗೆಯ ಕೋಣೆಯಲ್ಲಿ ಸಹಜವಾಗಿ ಸತ್ತವನ ದೇಹವನ್ನು ಮೊದಲು ಏಳೂವರೆ ಪೌಂಡಿಗೆ ಡಾ. ರಾಬರ್ಟ್ ನಾಕ್ಸನ ಶಾಲೆಗೆ ಮಾರಿದರು. ಆ ಬೆಲೆ ಕಂಡ ಮೇಲೆ 1828ರ ಒಂದೇ ವರ್ಷದೊಳಗೆ 16 ಜನರನ್ನು ಕೊಂದು ಮಾರಿದರು. ಬರ್ಕ್ 1829ರ ಜನವರಿಯಲ್ಲಿ ಗಲ್ಲಿಗೇರಿದನು. ಕೊಂಡುಕೊಂಡ ನಾಕ್ಸನ ಮೇಲೆ ಮೊಕದ್ದಮೆಯೇ ನಡೆಯಲಿಲ್ಲ. ತದಾಹೃತಾದಾನಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ತರುವಾಯ 1832ರ ಅಂಗರಚನಾ ಕಾಯಿದೆಯು ಅನಾಥಾಲಯ, ಆಸ್ಪತ್ರೆಗಳಲ್ಲಿ ವಾರಸುದಾರರಿಲ್ಲದೆ ಸತ್ತ ಬಡವರ ದೇಹಗಳನ್ನು ವೈದ್ಯಶಾಲೆಗಳಿಗೆ ಕೊಟ್ಟಿತು. ಅಲ್ಲಿಯವರೆಗೆ ಕೊಲೆಗಾರನಿಗೆ ವಿಧಿಸಿದ್ದುದು ಆಮೇಲೆ ಬಡವನ ಪಾಲಿಗೆ ಬಂದಿತು.

‘ಜೀವ ಹೋದ ಮೇಲೆ ದೇಹವು ಬರಿಯ ಪುದ್ಗಲ, ಇದರಲ್ಲಿ ಯಾರಿಂದ ಕದ್ದಂತಾಯಿತು?’ ಎಂದು ನಮ್ಮವರೇ ಕೇಳಬಹುದು. ನನ್ನ ಸ್ವಾಧ್ಯಾಯದ ಗೆಳೆಯರೊಬ್ಬರು ಕೇಳಿಯೂ ಕೇಳಿದರು. ಅವರಿಗೆ ನಾನು ಚಾರ್ಲ್ಸ್ ಬರ್ನ್ ಎಂಬ ಐರಿಷ್ ಯುವಕನ ಕಥೆ ಹೇಳಿದೆನು. ಏಳೂವರೆ ಅಡಿಗೂ ಮಿಕ್ಕಿದ ಎತ್ತರದ ಆತನು ತನ್ನ ದೇಹವು ಅಂಗರಚನಾಕಾರರ ಕೈಗೆ ಸಿಗಬಾರದೆಂದು, ಸಮುದ್ರದಲ್ಲಿ ಮುಳುಗಿಸಬೇಕೆಂದು ಗೆಳೆಯರಲ್ಲಿ ಬೇಡಿಕೊಂಡು 1783ರಲ್ಲಿ 22ನೆಯ ವಯಸ್ಸಿಗೆ ತೀರಿಕೊಂಡನು. ಖ್ಯಾತ ಶಸ್ತ್ರವೈದ್ಯ ಜಾನ್ ಹಂಟರ್ ಹಣ ತೆತ್ತು ಆ ದೇಹವನ್ನು ದಾರಿಯಲ್ಲೇ ಪಡೆದನು. ಆ ಅಸ್ಥಿಪಂಜರವು ಇನ್ನೂರು ವರ್ಷಕ್ಕೂ ಮೇಲೆ ಲಂಡನ್ನಿನಲ್ಲಿ ಪ್ರದರ್ಶನದಲ್ಲಿತ್ತು. 2023ರಲ್ಲಿ ಸಂಗ್ರಹಾಲಯವು ಮತ್ತೆ ತೆರೆದಾಗ ಮಾತ್ರ ಅದನ್ನು ಪ್ರದರ್ಶನದಿಂದ ತೆಗೆಯಲಾಯಿತು. ಬದುಕಿದ್ದಾಗ ಸ್ಪಷ್ಟವಾಗಿ ‘ಕೊಡೆನು’ ಎಂದವನದನ್ನು ತೆಗೆದುಕೊಂಡರೆ ಅದು ಅದತ್ತವಲ್ಲದೆ ಮತ್ತೇನು? ಗೆಳೆಯರು ಒಪ್ಪಿದರೋ ಇಲ್ಲವೋ, ಸುಮ್ಮನಾದರು.

ನಮ್ಮ ದೇಶದ ಕಥೆಯು ಗೌರವದಿಂದಲೇ ಆರಂಭವಾಗುತ್ತದೆ. ಕಲ್ಕತ್ತೆಯ ವೈದ್ಯಕೀಯ ಕಾಲೇಜು 1835ರಲ್ಲಿ ಸ್ಥಾಪಿತವಾಯಿತು. ಸಂಸ್ಕೃತ ಕಾಲೇಜಿನಲ್ಲಿ ಆಯುರ್ವೇದವನ್ನು ಬೋಧಿಸುತ್ತಿದ್ದ ಪಂಡಿತ ಮಧುಸೂದನ ಗುಪ್ತರು 1836ರಲ್ಲಿ ಅಲ್ಲಿ ಶವಚ್ಛೇದನ ಮಾಡಿದರು. ಕುಲಾಚಾರದ ಭೀತಿಯನ್ನು ಮೀರಿ ಆ ಕತ್ತಿಯನ್ನು ಹಿಡಿಯಲು ಎಂತಹ ಧೈರ್ಯ ಬೇಕಾಗಿತ್ತೆಂಬುದು ನನ್ನ ಶ್ರೀಮತಿಯವರ ಹೊಸ್ತಿಲನ್ನು ಕಂಡ ನನಗೆ ಅರ್ಥವಾಗುತ್ತದೆ. ಆದರೆ ಅದೇ ಕಲ್ಕತ್ತೆಯಿಂದ ಮುಂದಿನ ಶತಮಾನದಲ್ಲಿ ಬೇರೊಂದು ವ್ಯವಹಾರ ಬೆಳೆಯಿತು. ನದಿಯ ದಡಗಳಲ್ಲಿ, ಸ್ಮಶಾನಗಳಲ್ಲಿ ಸಂಗ್ರಹಿಸಿದ ದೇಹಗಳನ್ನು ಶುದ್ಧಗೊಳಿಸಿ, ಬಿಳುಪು ಮಾಡಿ, ತಂತಿಯಲ್ಲಿ ಕಟ್ಟಿ ವಿದೇಶಗಳಿಗೆ ರಫ್ತು ಮಾಡುತ್ತಿದ್ದರು. ಇಂಗ್ಲೆಂಡ್, ಅಮೆರಿಕಗಳ ಎಷ್ಟೋ ಶಾಲಾಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಕಲಿತದ್ದು ಭಾರತದ ಬಡವರ ಎಲುಬುಗಳಿಂದ. ಭಾರತ ಸರ್ಕಾರವು 1985ರಲ್ಲಿ ಈ ರಫ್ತನ್ನು ನಿಷೇಧಿಸಿತು. ಸುಂಕ, ಹಡಗು, ವಿಮೆ, ಬೀಜಕ ಎಲ್ಲವೂ ಸರಿಯಾಗಿದ್ದ ವ್ಯಾಪಾರ ಅದು. ಒಂದು ಕಾಗದ ಮಾತ್ರ ಇರಲಿಲ್ಲ: ಸತ್ತವರ ಒಪ್ಪಿಗೆ.

ಮುಂಬಯಿ ಪ್ರಾಂತ್ಯದಲ್ಲಿ 1949ರಲ್ಲಿಯೂ ನಮ್ಮ ರಾಜ್ಯದಲ್ಲಿ 1957ರಲ್ಲಿಯೂ ಅಂಗರಚನಾ ಕಾಯಿದೆಗಳು ಬಂದವು. ವಾರಸುದಾರರಿಲ್ಲದ ದೇಹಗಳನ್ನು ವಿದ್ಯಾಸಂಸ್ಥೆಗಳಿಗೆ ಒಪ್ಪಿಸುವ ಇಂಗ್ಲೆಂಡಿನ ಪದ್ಧತಿಯನ್ನೇ ಇವೂ ಹಿಡಿದವು. ಕಾನೂನಿನ ದೃಷ್ಟಿಯಿಂದ ಇದು ಕಳ್ಳತನವಲ್ಲ, ಒಪ್ಪುತ್ತೇನೆ. ಆದರೆ ಕೊಟ್ಟದ್ದೂ ಅಲ್ಲ. ಇತ್ತೀಚಿನ ದಶಕಗಳಲ್ಲಿ ಸ್ವಇಚ್ಛೆಯಿಂದ ದೇಹವನ್ನು ದಾನ ಮಾಡುವವರು ಮುಂದೆ ಬಂದಿದ್ದಾರೆ. ಬೆಳಗಾವಿಯ ಆಯುರ್ವೇದ ಮಹಾವಿದ್ಯಾಲಯವೊಂದರಲ್ಲಿ 2010ರ ನವೆಂಬರ್ ತಿಂಗಳಲ್ಲಿ, ಎರಡು ವರ್ಷ ಹಿಂದೆ ತೀರಿಕೊಂಡಿದ್ದ ವೈದ್ಯರೊಬ್ಬರ ದೇಹವನ್ನು ಅವರ ಇಚ್ಛೆಯಂತೆಯೇ ಅವರ ಮಗ, ಅಲ್ಲಿನ ಅಧ್ಯಾಪಕರು, ವಿದ್ಯಾರ್ಥಿಗಳ ಸಮ್ಮುಖದಲ್ಲಿ ಛೇದಿಸಿ ಪಾಠ ಹೇಳಿದರು. ಪತ್ರಿಕೆಗಳಲ್ಲಿ ಇದನ್ನು ಓದಿದಾಗ ನಾನು ಮುಖ ತಿರುಗಿಸಿದ್ದೆ, ಈಗ ನಾಚಿಕೆಯಾಗುತ್ತದೆ. ವೈದ್ಯಕೀಯ ಪದವಿಯ 2019ರ ಪಠ್ಯಕ್ರಮದಲ್ಲಿ ಶವವನ್ನು ‘ಪ್ರಥಮ ಗುರು’ವೆಂದು ಭಾವಿಸುವ ಪಾಠವೇ ಸೇರಿದೆ. ಅನೇಕ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಮೊದಲ ದಿನ ಶವದ ಮುಂದೆ ನಿಂತು ಪ್ರತಿಜ್ಞೆ ಸ್ವೀಕರಿಸುತ್ತಾರೆ. ಆ ದಿನ ಕಣ್ಣಿಗೆ ನೀರು ಬಂದುದು ಫಾರ್ಮಲಿನ್ ವಾಸನೆಯಿಂದ ಮಾತ್ರವಲ್ಲವೆಂದು ಮೊಮ್ಮಗಳು ಹೇಳಿದಳು.

ದೇಹದಾನಕ್ಕೆ ನಮ್ಮ ಸಮಾಜದಲ್ಲಿ ಇರುವ ಆಕ್ಷೇಪವು ಹಗುರವಾದುದಲ್ಲ. ಮೃತದೇಹದಲ್ಲಿ ಅಂತರ್ಮುಹೂರ್ತದ ನಂತರ ಸಂಮೂರ್ಛಿಮ ಜೀವಗಳು ಹುಟ್ಟತೊಡಗುತ್ತವೆ, ಆದುದರಿಂದ ಶೀಘ್ರವಾಗಿ ದಹಿಸಬೇಕೆಂದು ಹಿರಿಯರು ಹೇಳುತ್ತಾರೆ. ಶವವು ಕೊಳೆಯದಂತೆ ಫಾರ್ಮಲಿನ್ನನ್ನು ಬಳಸುವ ಕ್ರಮವು 1893ರ ನಂತರ ಬಂದದ್ದು. ಅದರಿಂದ ಜೀವೋತ್ಪತ್ತಿ ನಿಲ್ಲುತ್ತದೆಂದು ಕೆಲವರು ಸಮಾಧಾನ ಹೇಳಬಹುದು. ಆ ದ್ರಾವಣವೇ ಜೀವಘಾತಕವಲ್ಲವೇ ಎಂದು ಇನ್ನೊಬ್ಬರು ಕೇಳಬಹುದು. ಚಿತೆಯಲ್ಲಿಯೂ ಅಗ್ನಿಕಾಯ ಜೀವಗಳ ಹಿಂಸೆ ತಪ್ಪಿದ್ದಲ್ಲ. ಇದನ್ನು ತೀರ್ಮಾನಿಸುವ ಅರ್ಹತೆ ನನಗಿಲ್ಲ, ಮುನಿಗಳೂ ಪಂಡಿತರೂ ಹೇಳಬೇಕು. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳಲ್ಲಿ ಇದು ಯಾವುದಕ್ಕೆ ಸೇರುತ್ತದೆಂದು ಮಂದಿರದ ಟ್ರಸ್ಟಿನ ಸಭೆಯಲ್ಲಿ ನಾನು ಕೇಳಿದಾಗ ಒಬ್ಬರು ಔಷಧದಾನವೆಂದರು, ಒಬ್ಬರು ಶಾಸ್ತ್ರದಾನವೆಂದರು, ಅಧ್ಯಕ್ಷರು ಮುಂದಿನ ವಿಷಯವನ್ನು ಎತ್ತಿಕೊಂಡರು.

ರಜೆ ಮುಗಿದ ಮೇಲೆ ಮೊಮ್ಮಗಳೊಡನೆ ನಾನೂ ಕಾಲೇಜಿಗೆ ಹೋದೆನು. ವಿಭಾಗದ ಮುಖ್ಯಸ್ಥರು ಸಹನೆಯಿಂದ ಮಾತನಾಡಿದರು. ಎಲುಬುಗಳ ಪೆಟ್ಟಿಗೆಯನ್ನು ವಿಭಾಗದ ಸಂಗ್ರಹಕ್ಕೆ ಒಪ್ಪಿಸಿ, ದಾಖಲೆಪುಸ್ತಕದಲ್ಲಿ ಬರೆಸಿ, ಸಹಿ ಮಾಡಿ ಬಂದೆವು. ಹುಡುಗಿ ಈಗ ಅಲ್ಲಿಯ ಕೋಣೆಯಲ್ಲೇ ಕುಳಿತು ಓದುತ್ತಾಳೆ. ವಸತಿಗೃಹದಲ್ಲಿ ಪ್ಲಾಸ್ಟಿಕ್ಕಿನ ಮಾದರಿಯನ್ನು ಬಳಸುತ್ತಾಳೆ. ನಿಜವಾದ ಎಲುಬಿನ ಗೀರು, ತೂತುಗಳು ಅದರಲ್ಲಿ ಸರಿಯಾಗಿ ಕಾಣುವುದಿಲ್ಲವೆಂಬ ದೂರು ಇದ್ದೇ ಇದೆ. ಬರುವಾಗ ಮುಖ್ಯಸ್ಥರಿಂದ ದೇಹದಾನದ ನಮೂನೆಯೊಂದನ್ನು ಕೇಳಿ ತಂದೆನು. ನನ್ನ ಭಾಗವನ್ನು ತುಂಬಿದ್ದೇನೆ. ಮನೆಯವರೊಬ್ಬರು ಸಾಕ್ಷಿ ಹಾಕಬೇಕು. ನಮೂನೆಯನ್ನು ಓದಿ ಮುಗಿಸಿದ ಶ್ರೀಮತಿಯವರು, “ಹೋಗಲಿ, ಅಸ್ಥಿಯನ್ನಾದರೂ ತಿರುಗಿ ಕೊಡುವರೇ?” ಎಂದು ಕೇಳಿದರು. ಅದನ್ನು ವಿಚಾರಿಸಿ ಕಾಲೇಜಿಗೆ ಪತ್ರ ಬರೆದಿದ್ದೇನೆ.